ಸರೋವರ ಬಳಸಿದ ದಾರಿ

ಬ್ಯಾಲಿನಮೋರ್, ಲೀಟ್ರಿಮ್ ಕೌಂಟಿ
೧೬ ಮೇ ೨೦೧೯

ಡಿಂಪ್ನಾ ಅವರಿಗೆ,

ನಾನು ಕೋಲ್ಮನ್ ಟೂಹಿ. ಮೂವತ್ತಮೂರು ವರ್ಷದ ಹಿಂದೆ ನಿಮ್ಮ ತಮ್ಮ ಫೇಲಿಂ ಜೊತೆ ಡಬ್ಲಿನ್ನಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಮ್ಮೆ ಡ್ರಮ್‌ಕೀಲ್‌ನ ನಿಮ್ಮ ಮನೆಗೂ ಬಂದಿದ್ದೆ. ಮಳೆಯಲ್ಲಿ ನೆನೆದಿದ್ದವನಿಗೆ ನೀವು ಫೇಲಿಂನ ಕಾಲುಚೀಲ ಕೊಟ್ಟಿದ್ದಿರಿ. ಅದನ್ನು ನಾನು ಹಿಂದಿರುಗಿಸಲಿಲ್ಲ.

ನಿನ್ನೆ ಸಾವಿನ ಮನೆಯಲ್ಲಿ ಸಾಲಿನಲ್ಲಿ ನಿಂತು ನಿಮ್ಮ ಕೈ ಕುಲುಕಿದವರಲ್ಲಿ ನಾನೂ ಒಬ್ಬ. ಶವಪೆಟ್ಟಿಗೆಯ ತಲೆಯ ಕಡೆ ಕೂತಿದ್ದವರು ನೀವೇ ಎಂದುಕೊಂಡಿದ್ದೇನೆ. ಹೆಸರು ಹೇಳಲು ಬಾಯಿ ಬರಲಿಲ್ಲ.

ಈ ತಿಂಗಳು ಒಬ್ಬನೇ ಸೈಕಲ್ ಹತ್ತಿ ಈ ಕಡೆಯ ಸರೋವರಗಳನ್ನು ಸುತ್ತಲು ಹೊರಟಿದ್ದೆ. ಯಾಕೆ ಎಂದು ಹೆಂಡತಿ ಕೇಳಿದಾಗ ಡಾಕ್ಟರು ಹೇಳಿದ್ದಾರೆ ಎಂದೆ. ಡಾಕ್ಟರು ಹೇಳಿದ್ದು ದಿನಾ ಅರ್ಧ ಗಂಟೆ ನಡೆಯಿರಿ ಎಂದು. ಇಲ್ಲಿಯ ದಾರಿಗಳು ನಿಮಗೆ ಗೊತ್ತು. ಒಂದು ಗುಡ್ಡ ಏರಿದರೆ ಕೆಳಗೆ ನೀರು. ಇಳಿದು ಇನ್ನೊಂದು ಏರಿದರೆ ಮತ್ತೆ ನೀರು. ಅದು ಹಿಂದೆ ನೋಡಿದ ನೀರೇ, ಬೇರೆಯದೇ, ಹೇಳಲಾಗುವುದಿಲ್ಲ. ಐದು ದಿನ ಹಾಗೆ ತುಳಿದೆ. ಡ್ರಮ್‌ಕೀಲ್‌ನಿಂದ ಯಾವಾಗಲೂ ಅರ್ಧ ದಿನದ ದೂರದಲ್ಲೇ ಇರುವಂತೆ ನೋಡಿಕೊಳ್ಳುತ್ತಿದ್ದೇನೆ ಎನ್ನುವುದು ನಕ್ಷೆ ಬಿಚ್ಚಿದಾಗ ಮಾತ್ರ ತಿಳಿಯುತ್ತಿತ್ತು.

ಆರನೆಯ ದಿನ ಡ್ರಮ್‌ಶಾನ್‌ಬೋದ ಅತಿಥಿಗೃಹದಲ್ಲಿ ತಿಂಡಿಗೆ ಕೂತಿದ್ದೆ. ಸ್ಥಳೀಯ ರೇಡಿಯೊದಲ್ಲಿ ಆ ಕಡೆ ತೀರಿಕೊಂಡವರ ಹೆಸರು ಓದಲು ಶುರುಮಾಡಿದರು. ನಾನೇನೋ ಕೇಳಹೊರಟಾಗ ಮನೆಯಾಕೆ ಬಾಣಲೆ ಎತ್ತಿ ಹಿಡಿದು, “ಸ್ವಲ್ಪ ತಡೀರಿ. ಸತ್ತೋರು ಮುಗೀಲಿ, ಆಮೇಲೆ ಮೊಟ್ಟೆ” ಎಂದರು. ನಾಲ್ಕನೆಯ ಹೆಸರು ಫೇಲಿಂ ಮ್ಯಾಕ್‌ಗವರ್ನ್, ಡ್ರಮ್‌ಕೀಲ್. ಮೊಟ್ಟೆ ತಿನ್ನದೆ ಹೊರಟೆ. ಹದಿಮೂರು ಮೈಲಿ ಹೇಗೆ ಬಂದೆನೋ ನೆನಪಿಲ್ಲ.

ಸಾಲಿನಲ್ಲಿ ನನ್ನ ಹಿಂದೆ ಟೋಪಿ ಹಾಕಿದ್ದ ಒಬ್ಬ ಮುದುಕ ನನ್ನ ಚಡ್ಡಿ ನೋಡಿ, “ಸೈಕಲ್ ಮೇಲೆ ಬಂದ್ಯಾ ಮಾರಾಯ? ಫೇಲಿಂ ನೋಡಿದ್ರೆ ನಗ್ತಿದ್ದ. ಅವನು ಸೈಕಲ್ ಹತ್ತಿದ್ದು ನಾನಂತೂ ಕಂಡಿಲ್ಲ” ಎಂದ. ನನಗೆ ಅರ್ಥವಾಯಿತು. ಆ ದಿನದ ಮೇಲೆ ಅವನು ಸೈಕಲ್ ಮುಟ್ಟಲಿಲ್ಲ. ಪೆಟ್ಟಿಗೆಯೊಳಗಿನ ಮುಖ ನೋಡಿದೆ. ಮೊದಲು ಯಾರೂ ಕಾಣಲಿಲ್ಲ. ಆಮೇಲೆ ಹುಬ್ಬಿನ ಹತ್ತಿರ, ಬಾಯಿಯ ಎಡತುದಿಯಲ್ಲಿ, ಅವನು ಸ್ವಲ್ಪ ಸ್ವಲ್ಪವಾಗಿ ಬಂದ. ನನಗೆ ಅಳು ತಡೆಯಲಾಗಲಿಲ್ಲ.

ಈಗ ಹೇಳಬೇಕಾದದ್ದು. ೧೯೮೬ರ ಈಸ್ಟರ್ ರಜೆಯಲ್ಲಿ ನಾವಿಬ್ಬರೂ ಒಂಬತ್ತು ದಿನ ಇದೇ ಸರೋವರಗಳ ನಡುವೆ ಸೈಕಲ್ ತುಳಿದೆವು. ಒಬ್ಬರಿಗೊಬ್ಬರು ಕೀಟಲೆ ಮಾಡುವುದೇ ಕೆಲಸ. ಎಂಟನೆಯ ದಿನ ಅವನು ನನ್ನ ಚೀಲದ ತಳಕ್ಕೆ ಎರಡು ಕಲ್ಲು ಹಾಕಿದ್ದ. ಮೂವತ್ತು ಮೈಲಿ ಹೊತ್ತ ಮೇಲೆ ನನಗೆ ಗೊತ್ತಾಯಿತು. ಮರುದಿನ ಗುರುವಾರ ನಿಮ್ಮ ಮನೆಗೆ ಬರುವ ದಾರಿಯಲ್ಲಿ ಅವನ ಚಕ್ರ ಪಂಕ್ಚರ್ ಆಯಿತು. ಅವನು ಒಂದು ಮನೆಯಂಗಳದಲ್ಲಿ ಕೂತು ಅಂಟಿಸಿಕೊಳ್ಳುತ್ತಿದ್ದ, ನಾನು ಮುಂದೆ ಬಂದೆ. ಕಾಡಿನ ಕೂಡುರಸ್ತೆಯಲ್ಲಿ ಹಳೆಯ ಕಬ್ಬಿಣದ ಕೈಮರ. ‘ಡ್ರಮ್‌ಕೀಲ್ ೩’ ಎಂದು ಎಡಕ್ಕೆ ತೋರಿಸುತ್ತಿತ್ತು. ನಾನು ಭುಜ ಕೊಟ್ಟು ಅದನ್ನು ಬಲಕ್ಕೆ, ಸರೋವರವನ್ನು ಬಳಸಿಕೊಂಡು ಹೋಗುವ ದಾರಿಗೆ ತಿರುಗಿಸಿದೆ. ಹನ್ನೊಂದು ಮೈಲಿಯ ಸುತ್ತು. ಮಂಜಿತ್ತು. ಎಂಟು ವರ್ಷದಿಂದ ಅವನು ಊರಿಗೆ ಬರುತ್ತಿದ್ದದ್ದೇ ಅಪರೂಪ, ಹೊಸ ಕಾಡು ಬೆಳೆದಿತ್ತು. “ನಮ್ಮನೆಗೆ ಹೋಗೋಕೆ ನಂಗೇ ಯಾರಾದ್ರೂ ದಾರಿ ತೋರಿಸ್ಬೇಕು” ಎಂದು ಬೆಳಿಗ್ಗೆ ಅವನೇ ಹೇಳಿದ್ದ. ಅವನು ಬಲಕ್ಕೇ ಹೋದ. ನಾನು ಕೈಮರವನ್ನು ಮೊದಲಿನಂತೆ ನಿಲ್ಲಿಸಿ, ಹಿಂದಿನ ಊರಿಗೆ ಹೋಗಿ ಪಬ್ಬಿನಲ್ಲಿ ಬೆಚ್ಚಗೆ ಕೂತೆ. ಸಂಜೆ ಅಲ್ಲಿ ಯಾರೋ ಹೇಳಿದರು: ಹ್ಯೂ ಮ್ಯಾಕ್‌ಗವರ್ನ್ ತೀರಿಕೊಂಡರು, ಮಗ ಸಮಯಕ್ಕೆ ಮುಟ್ಟಲಿಲ್ಲ, ಕೈಮರ ಯಾರೋ ತಿರುಗಿಸಿದ್ದರಂತೆ.

ಬೆಳಿಗ್ಗೆ ಬಸ್ಸಿಗೆ ಸೈಕಲ್ ಏರಿಸಿ ಹೊರಟುಹೋದೆ. ಅಂತ್ಯಕ್ರಿಯೆಗೆ ಬರಲಿಲ್ಲ. ಮತ್ತೆಂದೂ ಅವನಿಗೆ ಬರೆಯಲಿಲ್ಲ. ಅವನು ಕೆಲಸ ಬಿಟ್ಟು ಊರಿಗೆ ಹೋದನೆಂದು ಕೇಳಿದೆ. ನಾನೂ ಆ ಶಾಲೆ ಬಿಟ್ಟು ಕ್ಲೇರ್ ಕಡೆ ಬಂದೆ.

ಕ್ಷಮೆ ಕೇಳುತ್ತಿಲ್ಲ. ಕೊಡಬೇಕಾದವನು ಇಲ್ಲ. ನೀವಾದರೂ ತಿಳಿದಿರಬೇಕು ಎನ್ನಿಸಿತು, ಅಷ್ಟೆ. ನನ್ನ ಎನಿಸ್ ವಿಳಾಸ ಹಿಂಬದಿಯಲ್ಲಿದೆ.

ನಿಮ್ಮ ದುಃಖದಲ್ಲಿ ಭಾಗಿ,
ಕೋಲ್ಮನ್ ಟೂಹಿ


ಡ್ರಮ್‌ಕೀಲ್
೨೪ ಮೇ ೨೦೧೯

ಟೂಹಿ ಅವರೇ,

ನನ್ನ ತಮ್ಮ ಸತ್ತಿಲ್ಲ. ಇದನ್ನು ಬರೆಯುವಾಗ ಕಿಟಕಿಯ ಹೊರಗೆ ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದಾನೆ. ಅವನ ಬೂಟು ಕಾಣುತ್ತಿದೆ.

ಡ್ರಮ್‌ಕೀಲ್‌ನಲ್ಲಿ ಹನ್ನೊಂದು ಮನೆ, ಏಳು ಮ್ಯಾಕ್‌ಗವರ್ನ್‌ಗಳವು. ಫೇಲಿಂಗಳು ಇಬ್ಬರು. ತೀರಿಕೊಂಡದ್ದು ಟಾಮ್ ಚಿಕ್ಕಪ್ಪನ ಮಗ, ಊರಿನವರ ಬಾಯಲ್ಲಿ ಫೇಲಿಂ ಟಾಮ್. ನಮ್ಮವನು ಫೇಲಿಂ ಹ್ಯೂಯಿ. ರೇಡಿಯೊದವರು ಅಪ್ಪನ ಹೆಸರು ಸೇರಿಸಿ ಓದುವುದಿಲ್ಲ. ಊರಿನವರಿಗೆ ಅದು ಬೇಕಾಗುವುದಿಲ್ಲ, ಊರಿನವರಲ್ಲದವರು ಕೇಳಿಸಿಕೊಳ್ಳುತ್ತಾರೆಂದು ಯಾರೂ ಯೋಚಿಸಿಲ್ಲ. ನೀವು ಕೈ ಕುಲುಕಿದ್ದು ಫೇಲಿಂ ಟಾಮ್‌ನ ಹೆಂಡತಿ ಅಸುಂಪ್ಟಾಳದು. ಯಾರೋ ಚಡ್ಡಿಯವನು ಎಲ್ಲರಿಗಿಂತ ಹೆಚ್ಚು ಅತ್ತನೆಂದು ಅವಳು ಹೇಳಿದ್ದಳು. ಯಾರಿರಬಹುದೆಂದು ಆ ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ.

ಇನ್ನು ನಿಮ್ಮ ಕಾಗದದ ಉಳಿದ ಭಾಗ.

ಆ ಗುರುವಾರ ನಾನು ಅಪ್ಪನ ಪಕ್ಕ ಇದ್ದೆ. ಮಧ್ಯಾಹ್ನದ ಮೇಲೆ ಅವರಿಗೆ ಕಾಯಿಲೆ ಜೋರಾಯಿತು. ಅಂಚೆಯ ಜೋ ವ್ಯಾನಿನಲ್ಲಿ ಬಂದಿದ್ದವನು ಫೇಲಿಂನನ್ನು ಹುಡುಕಿಕೊಂಡು ಹೋದ. ಫ್ಲಡ್ ಅವರ ಅಂಗಳದಲ್ಲಿ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನಿಗೆ ಸುದ್ದಿ ಹೇಳಿದ. ಆಗ ಮೂರು ಗಂಟೆ ಹತ್ತು ನಿಮಿಷ. ವ್ಯಾನಿನಲ್ಲಿ ಬಾ ಎಂದರೆ, ಸೈಕಲ್ಲಿನಲ್ಲೇ ಬರುತ್ತೇನೆ ಎಂದನಂತೆ. ಫ್ಲಡ್ ಅವರ ಮನೆಯಿಂದ ನಮ್ಮ ಮನೆಗೆ ಆರು ಮೈಲಿ. ಅಂಗಳದಲ್ಲಿ ಸದ್ದಾದಾಗೆಲ್ಲ ಅಪ್ಪ “ಸೈಕಲ್ ಬಂತಾ?” ಎನ್ನುತ್ತಿದ್ದರು. ಕೂಡುರಸ್ತೆ ದಾಟಿದಾನೆ ಅಪ್ಪಾ ಎಂದು ನಾನು ಹೇಳುತ್ತಿದ್ದೆ. ನಾಲ್ಕೂಕಾಲಿಗೆ ಕೇಳುವುದನ್ನು ನಿಲ್ಲಿಸಿದರು. ಫೇಲಿಂ ಬಂದಾಗ ಐದೂವರೆ.

ಕೈಮರ ತಿರುಗಿತ್ತು ಎಂದ. ಎಲ್ಲರೂ ನಂಬಿದರು. ಮಣ್ಣು ಮಾಡಿದ ಮರುದಿನ ನಾನು ಯಾರಿಗೂ ಹೇಳದೆ ಕೂಡುರಸ್ತೆಗೆ ನಡೆದು ಹೋದೆ. ಕೈಮರ ನೆಟ್ಟಗೆ ನಿಂತಿತ್ತು. ಮೂರು ಮೈಲಿ ದೂರದಲ್ಲಿ ಹುಟ್ಟಿದವನಿಗೆ ಕೈಮರ ಯಾಕೆ ಬೇಕು ಎನ್ನುವುದೂ ತಲೆಗೆ ಬಂತು. ಇವೆರಡನ್ನು ಮೂವತ್ತಮೂರು ವರ್ಷ ಅವನಿಗೆ ಹೇಳಲಿಲ್ಲ. ಆದರೆ ಅವನಿಗೆ ನಾನು ಬಡಿಸಿದ ಪ್ರತಿ ತಟ್ಟೆಯಲ್ಲೂ ಅದು ಇತ್ತು.

ಈಗ ಗೊತ್ತಾಯಿತು, ಅದನ್ನು ನೀವು ನೆಟ್ಟಗೆ ಮಾಡಿದ್ದಿರಿ. ನಾನು ಅನುಮಾನಿಸಿದ್ದು ನಿರಪರಾಧಿಯನ್ನು. ಅದಕ್ಕಾಗಿ ನಿಮಗೆ ಕೃತಜ್ಞಳಾಗಿರಬೇಕೋ ಏನೋ, ಆಗುತ್ತಿಲ್ಲ. ನಿಮ್ಮ ಕಾಗದವನ್ನು ಊಟದ ಮೇಜಿನ ಮುಂದೆ ಅವನಿಗೆ ಓದಿ ಹೇಳಿದೆ. ಕೈಮರದ ಭಾಗವನ್ನು ಇನ್ನೊಮ್ಮೆ ಓದು ಎಂದ. ಓದಿದೆ. ಎದ್ದು ಹೋದ. ಚಹಾಕ್ಕೂ ಬರಲಿಲ್ಲ.

ದಯವಿಟ್ಟು ಈ ಮನೆಗೆ ಬರಬೇಡಿ.

ಡಿಂಪ್ನಾ ಮ್ಯಾಕ್‌ಗವರ್ನ್


ಡ್ರಮ್‌ಕೀಲ್
೯ ಜೂನ್ ೨೦೧೯

ಕೋಲ್ಮನ್,

ಸತ್ತವನ ಕೈಬರಹ ಇದು, ಹೆದರಬೇಡ.

ಫೇಲಿಂ ಟಾಮ್ ಕೆಂಪು ಕೂದಲಿನವನು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಎರಡು ಸಲ ಮೂಗು ಮುರಿದುಕೊಂಡಿದ್ದ. ಅವನಲ್ಲಿ ನೀನು ನನ್ನನ್ನು ಕಂಡೆಯಂತೆ. ಕನ್ನಡಿಯ ಮುಂದೆ ನಿಂತು ಹುಡುಕಿದೆ, ಬಾಯಿಯ ಎಡತುದಿಯಲ್ಲಿ ಏನೂ ಇಲ್ಲ. ನಾನು ಸತ್ತೆನೆಂದು ಯಾರೋ ಅತ್ತದ್ದು ಹೇಗೋ ಊರಿಗೆ ಗೊತ್ತಾಗಿದೆ. ಪಬ್ಬಿಗೆ ಕಾಲಿಟ್ಟರೆ, “ಏನಪ್ಪಾ ಹ್ಯೂಯಿ, ಯೇಸು ಥರ ಮೂರನೇ ದಿನಕ್ಕೇ ಎದ್ಬಿಟ್ಯಾ? ಸಮಾಧಿ ಕಲ್ಲು ಯಾರು ಸರಿಸಿದ್ರು?” ಎನ್ನುತ್ತಾರೆ. ಕಾಗದದಲ್ಲಿ ಇದ್ದ ಉಳಿದದ್ದು ಡಿಂಪ್ನಾ ಮತ್ತು ನನ್ನ ನಡುವೆಯೇ ಇದೆ.

ನಿನ್ನ ಮೇಲೆ ಸಿಟ್ಟಿಲ್ಲ. ಇದನ್ನು ಎಷ್ಟು ಸಲ ಬರೆದು ಹೊಡೆದುಹಾಕಿದೆ ಎಂದರೆ ಕಾಗದ ಬದಲಿಸಬೇಕಾಯಿತು. ಸಿಟ್ಟಿಲ್ಲ ಎನ್ನುವುದು ನಿಜ, ಆದರೆ ಓದುವಾಗ ದೊಡ್ಡ ಮನಸ್ಸಿನವನಂತೆ ಕೇಳಿಸುತ್ತದೆ, ಅದು ನಿಜವಲ್ಲ.

ಕೆಲವು ವಿಷಯ ಕೇಳಬೇಕಾಗಿದೆ. ನೇರವಾಗಿ ಉತ್ತರಿಸು.

ನೀನು ನಿಜವಾಗಿ ಕೈಮರ ತಿರುಗಿಸಿದೆಯಾ? ಅಥವಾ ಆ ಸಂಜೆ ಪಬ್ಬಿನಲ್ಲಿ ಕೇಳಿದ್ದನ್ನು ವರ್ಷಗಟ್ಟಲೆ ಯೋಚಿಸಿ ನೀನೇ ಮಾಡಿದೆ ಎಂದುಕೊಂಡೆಯಾ? ಜನಕ್ಕೆ ಹಾಗಾಗುತ್ತದೆ. ಸತ್ತವನ ಮುಖದಲ್ಲಿ ನನ್ನನ್ನು ಕಂಡವನಿಗೆ ಏನು ಬೇಕಾದರೂ ಆಗಬಹುದು.

ತಿರುಗಿಸಿದ್ದರೆ, ಆಮೇಲೆ ಎಲ್ಲಿದ್ದೆ? ‘ಅವನು ಬಲಕ್ಕೇ ಹೋದ’ ಎಂದು ಬರೆದಿದ್ದೀಯ. ನಿನಗೆ ಹೇಗೆ ಗೊತ್ತು? ನೋಡಿದೆಯಾ? ನೋಡಿದ್ದರೆ, ಎಲ್ಲಿಂದ? ನಾನು ಏನು ಮಾಡುತ್ತಿದ್ದೆ?

ಉತ್ತರವನ್ನು ನನ್ನ ಹೆಸರಿಗೆ ಬರೆ. ‘ಹ್ಯೂಯಿ’ ಎಂದು ಸೇರಿಸು, ಇಲ್ಲದಿದ್ದರೆ ಅಸುಂಪ್ಟಾಳ ಮನೆಗೆ ಹೋಗುತ್ತದೆ.

ಫೇಲಿಂ


ಎನಿಸ್, ಕ್ಲೇರ್ ಕೌಂಟಿ
೨೦ ಜೂನ್ ೨೦೧೯

ಪ್ರಿಯ ಫೇಲಿಂ,

ನಿನ್ನ ಅಕ್ಷರ ನೋಡಿ ಅಡುಗೆಮನೆಯಲ್ಲಿ ಕೂತುಬಿಟ್ಟೆ. ಹೆಂಡತಿ ಯಾರದು ಎಂದಳು. ಹೋದ ತಿಂಗಳು ಸತ್ತನಲ್ಲ ಅವನದು ಎಂದೆ. “ಹಾಗಾದ್ರೆ ಬೇಗ ಉತ್ತರ ಬರಿ” ಎಂದು ಅವಳು ಆಲೂಗಡ್ಡೆ ಹೆರೆಯುವುದನ್ನು ಮುಂದುವರಿಸಿದಳು. ಅವಳಿಗೆ ಎಲ್ಲ ಹೇಳಿದ್ದೇನೆ. ಏನೂ ಹೇಳಲಿಲ್ಲ ಎನ್ನುವಂತೆ ಕೇಳಿಸಿಕೊಳ್ಳುತ್ತಾಳೆ.

ತಿರುಗಿಸಿದ್ದು ನಿಜ. ಕಬ್ಬಿಣದ ತುಕ್ಕು ಕೋಟಿನ ಭುಜಕ್ಕೆ ಹತ್ತಿತ್ತು. ಆ ಕೋಟನ್ನು ಅದಕ್ಕೇ ಬಹಳ ವರ್ಷ ಎಸೆಯದೆ ಇಟ್ಟಿದ್ದೆ, ಒಂದು ದಿನ ಅದಕ್ಕೇ ಎಸೆದೆ.

ಸರೋವರದ ದಾರಿಯಲ್ಲಿ ಕಾಲು ಮೈಲಿ ಮುಂದೆ ಒಂದು ಮುರಿದ ಗೋಡೆ ಇತ್ತು. ಅದರ ಹಿಂದೆ ಸೈಕಲ್ ಮಲಗಿಸಿ ನಾನೂ ಕೂತೆ. ನೀನು ಬಂದಾಗ ಎದ್ದು ಕೂಗಿ ನಗಬೇಕು ಎಂಬುದು ಲೆಕ್ಕ. ನೀನು ಬಂದೆ. ನಾನು ಎದ್ದೇಳಲಿಲ್ಲ. ಹನ್ನೊಂದು ಮೈಲಿಯೂ ಸುತ್ತಲಿ, ಕಲ್ಲು ಹೊರಿಸಿದ್ದಕ್ಕೆ ಸರಿಹೋಗುತ್ತದೆ ಎನ್ನಿಸಿತು. ಇದನ್ನು ನಿಮ್ಮ ಅಕ್ಕನಿಗೆ ಬರೆಯಲಿಲ್ಲ. ಕೂಗಬಹುದಿತ್ತು ಎನ್ನುವುದನ್ನು ಬರೆಯಲು ಆಗಲಿಲ್ಲ.

ಆದರೆ ನಿಮ್ಮ ಅಕ್ಕನ ಕಾಗದ ಬಂದ ಮೇಲೆ ಒಂದು ವಿಷಯ ಹೊಂದುತ್ತಿಲ್ಲ. ಸುದ್ದಿ ನಿನಗೆ ದಾರಿಯಲ್ಲಿ ಎಲ್ಲೋ ಮುಂದೆ ಸಿಕ್ಕಿತೆಂದೇ ಈವರೆಗೆ ತಿಳಿದಿದ್ದೆ. ಅಪ್ಪನಿಗೆ ಜೋರಾಗಿದೆ ಎಂದು ಫ್ಲಡ್ ಅವರ ಅಂಗಳದಲ್ಲೇ ನಿನಗೆ ಗೊತ್ತಿತ್ತಂತೆ. ಹಾಗಾದರೆ ನನ್ನೆದುರು ಹಾದುಹೋಗುವಾಗ ಗೊತ್ತಿತ್ತು. ನೀನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದೆ. ಇನ್ನೊಂದು ಕೈಯಲ್ಲಿ ಏನೋ ಇತ್ತು, ತಿನ್ನುತ್ತಿದ್ದೆ. ಸರೋವರದ ಕಡೆ ಮುಖ ಮಾಡಿ, ನಿಧಾನವಾಗಿ, ಕಾಲು ಆಡಿಸಿದರೂ ಆದೀತು ಆಡಿಸದಿದ್ದರೂ ಆದೀತು ಎನ್ನುವ ಹಾಗೆ ಹೋಗುತ್ತಿದ್ದೆ.

ನನ್ನ ನೆನಪು ತಪ್ಪಿರಬಹುದು. ಮಂಜಿತ್ತು. ಮಂಜಿದ್ದರೆ ನೀನು ನೋಡುತ್ತಿದ್ದ ಸರೋವರ ನನಗೆ ಹೇಗೆ ಕಂಡಿತು, ಅದೂ ತಿಳಿಯದು.

ನಿನ್ನ
ಕೋಲ್ಮನ್


ಡ್ರಮ್‌ಕೀಲ್
೧೪ ಜುಲೈ ೨೦೧೯

ಕೋಲ್ಮನ್,

ಚೀಸ್ ಇಟ್ಟ ಬ್ರೆಡ್ಡು. ಫ್ಲಡ್ ಅವರ ಮನೆಯಾಕೆ ಕಾಗದದಲ್ಲಿ ಸುತ್ತಿ ಕೊಟ್ಟಿದ್ದು. ನೀನು ಸರಿಯಾಗಿಯೇ ನೋಡಿದ್ದೀಯ.

ಕೂಡುರಸ್ತೆಯಲ್ಲಿ ಮಂಜು ಎದ್ದುಹೋಗಿತ್ತು. ಒಂದು ಕಾಲು ನೆಲಕ್ಕೆ ಊರಿ ನಿಂತೆ. ಕೈಮರ ನಾನು ನೋಡಲಿಲ್ಲ. ಎಡಕ್ಕೆ ನಮ್ಮ ಮನೆ, ಬಲಕ್ಕೆ ಸರೋವರ, ಅದು ಹುಟ್ಟಿದಾಗಿನಿಂದ ಗೊತ್ತು. ಬೆಳಿಗ್ಗೆ ನಿನ್ನ ಮುಂದೆ ಆಡಿದ ಮಾತು ಬರೀ ಮಾತು. ಬಲಕ್ಕೆ ಹೋದೆ.

ಯಾಕೆ ಎಂದು ನೀನು ಕೇಳುತ್ತೀಯ. ಅಪ್ಪ ಕೈ ಹಿಡಿದುಕೊಂಡು ಊರಿಗೆ ಬಾ, ಜಮೀನು ನೋಡಿಕೋ ಎಂದು ಕೇಳುತ್ತಾರೆ, ನಾನು ಹೂಂ ಎನ್ನುತ್ತೇನೆ, ಅದು ಬೇಡವಾಗಿತ್ತು. ಹಾಗೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಆದರೆ ಯಾರೂ ಕೇಳದೆಯೇ ನಾನು ಊರಿಗೆ ಬಂದೆ, ಜಮೀನು ನೋಡಿಕೊಂಡೆ, ಇನ್ನೂ ಇಲ್ಲೇ ಇದ್ದೇನೆ. ಹಾಗಾಗಿ ಅದು ಕಾರಣವಾಗಿರಲಾರದು. ಬೇರೆ ಯಾವುದೂ ಸಿಕ್ಕಿಲ್ಲ. ಆ ದಾರಿಯಲ್ಲಿ ಎರಡು ಸಲ ನಿಂತೆ. ಒಂದು ಸಲ ಹಂಸಗಳನ್ನು ಎಣಿಸಿದೆ. ಹದಿನಾಲ್ಕು. ಅಪ್ಪ ಸಾಯುತ್ತಿದ್ದಾರೆ ಎನ್ನುವುದು ಮರೆತಿರಲಿಲ್ಲ, ಅದು ಜೊತೆಗೇ ಇತ್ತು, ಹಿಂದಿನ ಕ್ಯಾರಿಯರ್ ಮೇಲಿನ ಸಾಮಾನಿನ ಹಾಗೆ.

ಕೊನೆಯ ಮೈಲಿಯಲ್ಲಿ ಏನು ಹೇಳುವುದು ಎಂದು ಯೋಚಿಸಿದೆ. ಹುಡುಗರು ಕೈಮರ ತಿರುಗಿಸುತ್ತಾರಲ್ಲ, ಅದನ್ನೇ ಹೇಳಿದೆ. ನಾನು ಕಟ್ಟಿದ ಸುಳ್ಳು ಅದು. ಮೂವತ್ತಮೂರು ವರ್ಷ ಅದು ಸುಳ್ಳು ಎಂದೇ ಬದುಕಿದ್ದೇನೆ. ಈಗ ನೀನು ಎಲ್ಲಿಂದಲೋ ಬಂದು ಅದು ನಿಜ ಎನ್ನುತ್ತೀಯ. ನಾನು ಏನು ಹೇಳಿದೆನೋ ಅದೇ ಆಗಿತ್ತು. ಆದರೂ ನಾನು ಹೇಳಿದ್ದು ಸುಳ್ಳು. ಇದನ್ನು ಹೇಗೆ ಹಿಡಿದುಕೊಳ್ಳಬೇಕು ಎಂದೇ ತಿಳಿಯುತ್ತಿಲ್ಲ.

ಡಿಂಪ್ನಾ ಬದಲಾಗಿದ್ದಾಳೆ. ಅವಳು ನನ್ನ ಜೊತೆ ಯಾವಾಗಲೂ ಚುಚ್ಚಿಯೇ ಮಾತಾಡುತ್ತಿದ್ದಳು. ಬೂಟು ಒರೆಸಿ ಬಂದರೂ ಒರೆಸಲಿಲ್ಲ ಎನ್ನುತ್ತಿದ್ದಳು. ಈಗ ಹೊಲಕ್ಕೆ ಚಹಾ ತರುತ್ತಾಳೆ. ಕಳೆದ ವಾರ ಸೇಬಿನ ಕಡುಬು ಮಾಡಿ, “ತಿನ್ನೋ, ಬಿಸಿ ಇದೆ” ಎಂದಳು. ಅವಳು ನನ್ನನ್ನು ಹಾಗೆ ಪ್ರೀತಿಯಿಂದ ಕರೆದು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಕೆಲಸ ಮಾಡುವಾಗ ಸಣ್ಣಗೆ ಹಾಡಿಕೊಳ್ಳುತ್ತಾಳೆ. ಅವಳು ಅತ್ತ ಹೋದ ಮೇಲೆ ಆ ಕಡುಬನ್ನು ಬೇಲಿಯಾಚೆ ಎಸೆದೆ.

ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಇದು ಹೀಗೇ ಇರಲಿ. ನೀನು ದೂರದಲ್ಲಿದ್ದೀಯ, ಅವಳ ಸಿಟ್ಟು ಅಲ್ಲಿಗೆ ಮುಟ್ಟುವುದಿಲ್ಲ. ತಪ್ಪು ನಿನ್ನ ಹೆಸರಿನಲ್ಲೇ ಇರಲಿ.

ಫೇಲಿಂ


ಕೆಶ್‌ಕರಿಗನ್, ಲೀಟ್ರಿಮ್ ಕೌಂಟಿ
೨೯ ಆಗಸ್ಟ್ ೨೦೧೯

ಫೇಲಿಂ,

ಆರು ವಾರ ಬರೆಯಲಿಲ್ಲ. ಮೊದಲು ಹಗುರವಾಯಿತು. ಅಂಗಳದಲ್ಲಿ ಸುಮ್ಮನೆ ಹೆಜ್ಜೆ ಹಾಕಿದೆ. ಎರಡು ದಿನ ಕಳೆದ ಮೇಲೆ ಸಿಟ್ಟು ಬಂತು. ನಿನ್ನ ಖಾಲಿ ಕುರ್ಚಿ ನೋಡಲಾರದೆ ನಾನು ಶಾಲೆ ಬಿಟ್ಟೆ. ನನ್ನ ಮಕ್ಕಳಿಗೆ ಸೈಕಲ್ ಕಲಿಸಲಿಲ್ಲ, ಅವರಮ್ಮ ಕಲಿಸಿದಳು. ಇದೆಲ್ಲ ಯಾತಕ್ಕೆ? ಬ್ರೆಡ್ಡು ತಿಂದುಕೊಂಡು ಹಂಸ ಎಣಿಸಿದವನಿಗಾಗಿ. ಆಮೇಲೆ ಸಿಟ್ಟೂ ನಿಲ್ಲಲಿಲ್ಲ. ಕೈಮರ ತಿರುಗಿಸಿದ್ದಂತೂ ನಾನೇ. ನೀನು ನೋಡಿದ್ದರೆ ಅದು ಸುಳ್ಳು ದಾರಿಯನ್ನೇ ತೋರಿಸುತ್ತಿತ್ತು. ನೋಡಲಿಲ್ಲ ಎನ್ನುವುದರಿಂದ ನನ್ನ ಕೈ ತೊಳೆಯುತ್ತದೆಯೇ? ಬೇರೆ ಯಾರಾದರೂ ಆ ಸಂಜೆ ಎಲ್ಲಿಗಾದರೂ ಅವಸರದಲ್ಲಿ ಹೋಗುತ್ತಿದ್ದರೆ? ಅಷ್ಟು ಹೊತ್ತಿಗೆ ನೆಟ್ಟಗೆ ಮಾಡಿದ್ದೆ, ನಿಜ. ಆದರೂ.

ಮೇ ತಿಂಗಳಲ್ಲಿ ಅರ್ಧಕ್ಕೆ ನಿಂತ ಸುತ್ತಾಟವನ್ನು ಮುಗಿಸುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೇನೆ. ನಾಲ್ಕು ದಿನದಿಂದ ನಿಮ್ಮ ಊರಿನ ಸುತ್ತ ಹತ್ತು ಮೈಲಿಯೊಳಗೇ ತುಳಿಯುತ್ತಿದ್ದೇನೆ. ಗಾಳಿ ಯಾವ ಕಡೆ ತಿರುಗಿದರೂ ಎದುರಿಗೇ ಇರುತ್ತದೆ. ಒಂದು ದೋಣಿಕಟ್ಟೆಯಲ್ಲಿ ಮೀನು ಹಿಡಿಯುತ್ತಿದ್ದವನು ಮೂರನೆಯ ಸಲ ನನ್ನನ್ನು ಕಂಡು, “ಏನು ಸ್ವಾಮಿ, ಸರೋವರದಲ್ಲಿ ಏನಾದ್ರೂ ಬೀಳಿಸ್ಕೊಂಡಿದ್ದೀರಾ?” ಎಂದ.

ನಿನ್ನೆ ಕೂಡುರಸ್ತೆಗೆ ಹೋದೆ. ಹೊಸ ಹಲಗೆ, ಸೈಕಲ್ಲಿನ ಚಿತ್ರ, ಕಿಲೋಮೀಟರ್. ತಿರುಗಿಸಲು ಆಗದಂತೆ ಬೋಲ್ಟು ಹಾಕಿದ್ದಾರೆ. ಕಾಡು ಕಡಿದಿದ್ದಾರೆ. ಎಡಕ್ಕೆ ತಿರುಗಿ ಕೊನೆಯ ಗುಡ್ಡದವರೆಗೂ ಹೋದೆ; ಅಲ್ಲಿಂದ ನಿಮ್ಮ ಮನೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೆಂಪು ಗೇಟು, ಹೊಗೆ. ಬಕೆಟ್ ಹಿಡಿದು ಒಬ್ಬ ಅಂಗಳ ದಾಟಿದ. ನೀನಿರಬಹುದು. ಪೆಟ್ಟಿಗೆಯಲ್ಲಿ ನಿನ್ನನ್ನು ಅಷ್ಟು ಖಚಿತವಾಗಿ ಗುರುತಿಸಿದವನು ನಾನು, ನನ್ನ ಕಣ್ಣನ್ನು ನಂಬಲಿಲ್ಲ. ಹಿಂದಿರುಗಿ ಬಂದೆ.

ನಿನ್ನ ಪ್ರಶ್ನೆಗೆ ಉತ್ತರ. ನಾನಾಗಿ ಡಿಂಪ್ನಾ ಅವರಿಗೆ ಏನೂ ಬರೆಯುವುದಿಲ್ಲ. ನೀನು ಹೇಳಿಬಿಡು ಎಂದೂ ಹೇಳುವುದಿಲ್ಲ, ಹೇಳಬೇಡ ಎಂದೂ ಹೇಳುವುದಿಲ್ಲ. ಆದರೆ ಅವರೇ ಕೇಳಿದರೆ ಇನ್ನೊಂದು ಸಲ ಸುಳ್ಳು ದಾರಿ ತೋರಿಸಲು ನನಗೆ ಆಗುವುದಿಲ್ಲ.

ಕೋಲ್ಮನ್


ಡ್ರಮ್‌ಕೀಲ್
೧೩ ಅಕ್ಟೋಬರ್ ೨೦೧೯

ಕೋಲ್ಮನ್ ಅವರೇ,

ಫೇಲಿಂ ಹೇಳಿದ. ಸೆಪ್ಟೆಂಬರಿನ ಒಂದು ಶನಿವಾರ, ದನದ ಸಂತೆಯಿಂದ ಕಾರಿನಲ್ಲಿ ಬರುವಾಗ. ಗಾಜಿನ ಕಡೆ ನೋಡುತ್ತಲೇ, “ಆವತ್ತು ನಾನು ಕೈಮರ ನೋಡ್ಲೇ ಇಲ್ಲ ಡಿಂಪ್ನಾ. ದಾರಿ ಗೊತ್ತಿತ್ತು” ಎಂದ. ಅಷ್ಟರಲ್ಲಿ ಮನೆ ಬಂದಿತ್ತು. “ಇಳಿದು ಗೇಟು ತೆಗಿ” ಎಂದೆ. ಅವನು ಮಳೆಯಲ್ಲಿ ಇಳಿದು ತೆಗೆದ. ನಾನು ಅವನನ್ನು ಅಲ್ಲೇ ಬಿಟ್ಟು ಕಾರು ಒಳಗೆ ತಂದೆ. ನಿಮಗೆ ಅವನು ಬರೆದಿದ್ದನೆಂದೂ ಆಮೇಲೆ ಹೇಳಿದ. ನೀವು ಬಾಯಿ ಬಿಡಲಿಲ್ಲ, ಆಗಲಿ.

ಮೂವತ್ತಮೂರು ವರ್ಷ ನಾನು ಅವನನ್ನು ಅನುಮಾನಿಸಿದ್ದೆ, ಸರಿಯಾಗಿಯೇ ಅನುಮಾನಿಸಿದ್ದೆ. ಅದು ಸರಿ ಎಂದು ತಿಳಿದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೇಯಿಂದ ಸೆಪ್ಟೆಂಬರಿನವರೆಗೆ ನನಗೊಬ್ಬ ತಮ್ಮ ಇದ್ದ. ಅವನಿಗೆ ಕಡುಬು ಮಾಡಿಕೊಡುವುದು ಚೆನ್ನಾಗಿತ್ತು. ನಾಲ್ಕು ತಿಂಗಳು ನಾನು ಪ್ರೀತಿಸಿದ್ದು ಯಾರನ್ನು ಎಂದು ತಿಳಿಯದೆ ಕೂತಿದ್ದೇನೆ.

ಎರಡು ವಾರ ಮಾತಾಡಲಿಲ್ಲ. ಅವನು ಊಟ ಬಿಟ್ಟ. ಬೆಲ್ಟಿಗೆ ಹೊಸ ತೂತು ಕೊರೆಯುವುದನ್ನು ನೋಡಿದೆ. ಪಬ್ಬಿಗೆ ಹೋಗುವುದಿಲ್ಲ. ಹುಲ್ಲು ಒಳಗೆ ಹಾಕುವುದನ್ನೇ ಮರೆತು ಮಳೆಯಲ್ಲಿ ನೆನೆಸಿದ. ಕೊಟ್ಟಿಗೆಯಲ್ಲಿ ಹಸುವಿನ ಬೆನ್ನಿಗೆ ಹಣೆ ಇಟ್ಟು ನಿಂತಿರುತ್ತಾನೆ, ಕರೆದರೆ ಕೇಳಿಸುವುದಿಲ್ಲ. ಒಂದು ಬೆಳಿಗ್ಗೆ ಗಂಟೆಗಟ್ಟಲೆ ಎಲ್ಲೂ ಕಾಣದೆ ಹುಡುಕಿ ಹೋದರೆ, ಸರೋವರದ ದಡದಲ್ಲಿ ಕೂತಿದ್ದ. “ಮುಟ್ಟಬಹುದಾಗಿತ್ತು ಅಲ್ವಾ?” ಎಂದ. ಅಷ್ಟೇ. ನಾನು ಅವನ ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ. ತೋಳಿನಲ್ಲಿ ಮೂಳೆ ಮಾತ್ರ ಇತ್ತು.

ಕಳೆದ ಗುರುವಾರ ಅವನು ಕ್ಯಾರಿಕ್‌ಗೆ ಡಾಕ್ಟರ ಹತ್ತಿರ ಹೋಗಿದ್ದ. ನಾನು ಪಾದ್ರಿಯ ಮನೆ ನೋಡಿಕೊಳ್ಳುವಾಕೆಯ ಸೈಕಲ್ ಕೇಳಿ ತಂದೆ. ನಲವತ್ತು ವರ್ಷದ ಮೇಲೆ ಹತ್ತಿದ್ದು. ಅವಳು ನನ್ನ ಹಿಂದೆ ಸ್ವಲ್ಪ ದೂರ ಸೀಟು ಹಿಡಿದುಕೊಂಡು ಓಡಿದಳು. “ಎಲ್ಲಿಗೆ ಹೋಗ್ತೀಯೇ ಈ ವಯಸ್ಸಲ್ಲಿ?” ಎಂದಳು. ಫ್ಲಡ್ ಅವರ ಅಂಗಳಕ್ಕೆ ಹೋದೆ. ಈಗ ಅಲ್ಲಿ ಚಾವಣಿ ಇಲ್ಲ. ಮೂರು ಗಂಟೆ ಹತ್ತು ನಿಮಿಷ ಆಗುವವರೆಗೆ ಕಾದು ಹೊರಟೆ. ಎರಡು ಏರುಗಳಲ್ಲಿ ಇಳಿದು ತಳ್ಳಿದೆ. ಒಂದು ನಾಯಿ ಅಟ್ಟಿಸಿಕೊಂಡು ಬಂತು. ಕೂಡುರಸ್ತೆಯಲ್ಲಿ ನಿಲ್ಲದೆ ಎಡಕ್ಕೆ ತಿರುಗಿದೆ. ನಮ್ಮ ಗೇಟಿಗೆ ಮುಟ್ಟಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅಪ್ಪ ಹೋಗಿ ಐದು ನಿಮಿಷ ಆಗಿತ್ತು.

ಅವನು ಬಂದ ಮೇಲೆ ಚಹಾ ಕೊಟ್ಟು ಹೇಳಿದೆ.

“ಇವತ್ತು ಫ್ಲಡ್ ಅವರ ಅಂಗಳದಿಂದ ಸೈಕಲ್ ತುಳ್ಕೊಂಡು ಬಂದೆ.”

“ನೀನಾ?”

“ನಾನೇ. ನೇರ ದಾರೀಲೇ ಒಂದು ಗಂಟೆ ಹತ್ತು ನಿಮಿಷ ಬೇಕು ಕಣೋ. ಯಾವ ಕಡೆ ತಿರುಗಿದ್ರೂ ಅಪ್ಪ ನಿಂಗೆ ಸಿಗ್ತಿರಲಿಲ್ಲ.”

ಅವನು ಬಟ್ಟಲು ಕೆಳಗಿಟ್ಟ. “ಗಾಳಿ ಎದುರಿಗಿತ್ತಾ?” ಎಂದ. ಎದುರಿಗೇ ಇತ್ತು ಎಂದೆ. ಅಂದು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡ. ಎರಡು ತುಂಡು ತಿಂದ. ನಿನ್ನೆ ಪಬ್ಬಿಗೂ ಹೋದ.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದು ನನಗೂ ಸರಿಯಾಗಿ ತಿಳಿಯದು. ಇಲ್ಲಿ ಯಾರಿಗೂ ಹೇಳುವಂತಿಲ್ಲ. ನೀವು ಸೈಕಲ್ ತುಳಿದವರು, ನಿಮಗೆ ಗೊತ್ತಿರುತ್ತದೆ. ನನಗೆ ಅರವತ್ತೆರಡು, ಅವನಿಗೆ ಆಗ ಇಪ್ಪತ್ತೈದು. ಒಂಬತ್ತು ದಿನ ತುಳಿದು ಹದವಾದ ಕಾಲು. ಏರಿನಲ್ಲಿ ಅವನು ಇಳಿಯುತ್ತಿರಲಿಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ನಲವತ್ತು ನಿಮಿಷಕ್ಕೆ ಮೇಲೆ ಬರುವುದಿಲ್ಲ. ಮೂರು ಐವತ್ತಕ್ಕೆ ಅವನು ಗೇಟಿನಲ್ಲಿರುತ್ತಿದ್ದ. ಅಪ್ಪನಿಗೆ ಆಗ ಪೂರ್ತಿ ಎಚ್ಚರವಿತ್ತು.

ಇಪ್ಪತ್ತೈದು ನಿಮಿಷ. ಈ ಮನೆಯಲ್ಲಿ ಅದನ್ನು ಇಡಲು ಜಾಗವಿಲ್ಲ. ನಿಮ್ಮ ಹತ್ತಿರ ಇರಲಿ. ಉತ್ತರ ಬರೆಯಬೇಡಿ.

ಡಿಂಪ್ನಾ